ವೈರ್ ಗೋಡೆಯೊಳಗಿರಲಿ, ಜಾಯಿಂಟ್ ಕೈಗೆ ಸಿಗಲಿ: ಮನೆ ರಿಪೇರಿ ಮಾಡಿಸುವವರಿಗೆ ವೈರಿಂಗ್ ಮಾರ್ಗದರ್ಶಿ

ದಸರಾಕ್ಕೆ ಮುಂಚೆ ಸುಣ್ಣ-ಬಣ್ಣ ಮುಗಿಸಬೇಕು ಅಂತ ಹೊರಡುವವರು ಮೈಸೂರಿನಲ್ಲಿ ಜಾಸ್ತಿ. ಆಷಾಢ ಕಳೆಯುತ್ತಿದ್ದಂತೆ ಒಂದು ಬೀದಿಯಲ್ಲಿ ಅಡುಗೆಮನೆ ಟೈಲ್ಸ್ ಕೀಳಿಸುತ್ತಾರೆ, ಇನ್ನೊಂದು ಬೀದಿಯಲ್ಲಿ ಫಾಲ್ಸ್ ಸೀಲಿಂಗ್ ಏರುತ್ತಿರುತ್ತದೆ. ಆ ಹೊತ್ತಿಗೆ ಓದುಗರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ‘ಗೋಡೆಯಲ್ಲಿ ಹಳೇ ಜಂಕ್ಷನ್ ಬಾಕ್ಸ್ ಇದೆ, ನೋಡೋಕೆ ಚೆನ್ನಾಗಿಲ್ಲ. ಅದರ ಮೇಲೆ ಪ್ಲಾಸ್ಟರ್ ಮಾಡಿಬಿಡಬಹುದಾ?’ ಕೆಲವರು ಪ್ಲಾಸ್ಟರ್ ಬದಲು ಟೈಲ್ಸ್ ಅಂತಾರೆ, ಕೆಲವರು ವಾರ್ಡ್‌ರೋಬ್ ಅಂತಾರೆ. ‘ಮೇಸ್ತ್ರಿ ಪರವಾಗಿಲ್ಲ ಅಂದ್ರು’ ಅನ್ನೋ ಮಾತು ಮಾತ್ರ ಎಲ್ಲರ ಪ್ರಶ್ನೆಯಲ್ಲೂ ಇರುತ್ತದೆ.

ಉತ್ತರ ಚಿಕ್ಕದು: ಆಗಲ್ಲ. ವೈರನ್ನು ಪೈಪಿನೊಳಗೆ ಹಾಕಿ ಗೋಡೆಯೊಳಗೆ ಮುಚ್ಚಬಹುದು. ಎರಡು ವೈರ್ ಕೂಡುವ ಜಾಗವನ್ನು, ಅಂದರೆ ಜಾಯಿಂಟನ್ನು, ಮುಚ್ಚುವಂತಿಲ್ಲ. ಅದು ಒಂದು ಬಾಕ್ಸಿನೊಳಗೆ ಇರಬೇಕು. ಬಾಕ್ಸಿಗೆ ಮುಚ್ಚಳ ಇರಬೇಕು. ಗೋಡೆ ಒಡೆಯದೆ, ಟೈಲ್ಸ್ ಕೀಳದೆ, ಸ್ಕ್ರೂಡ್ರೈವರ್ ಒಂದರಿಂದಲೇ ಆ ಮುಚ್ಚಳ ತೆಗೆಯುವಂತಿರಬೇಕು. ಇಷ್ಟನ್ನು ನಿಮ್ಮ ಮನೆಯಲ್ಲಿ ಹೇಗೆ ಮಾಡಿಸಿಕೊಳ್ಳೋದು ಅಂತ ಹಂತ ಹಂತವಾಗಿ ನೋಡೋಣ.

ನಿಯಮದಲ್ಲಿ ಏನಿದೆ

ನಮ್ಮ ದೇಶದಲ್ಲಿ ಮನೆ ವೈರಿಂಗ್‌ಗೆ ಆಧಾರ ಐಎಸ್ 732 ಎಂಬ ಭಾರತೀಯ ಮಾನಕ. ಅದರ ಜೊತೆಗೆ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಿಗೆ ಬರೆದಿಟ್ಟುಕೊಂಡಿರುವ ವೈರಿಂಗ್ ವಿವರಣೆಯೂ ಒಳ್ಳೇ ಅಳತೆಗೋಲು. ಇವು ಹೇಳುವ ಪದ್ಧತಿ ‘ಲೂಪಿಂಗ್’. ಅಂದರೆ ವೈರ್ ಒಂದು ಸ್ವಿಚ್ ಬಾಕ್ಸಿನಿಂದ ಹೊರಟು ನೇರ ಇನ್ನೊಂದು ಬಾಕ್ಸಿಗೆ ಹೋಗಿ ಅಲ್ಲಿನ ಟರ್ಮಿನಲ್‌ನಲ್ಲಿ, ಅಂದರೆ ವೈರ್ ತುದಿ ಕಚ್ಚಿಸುವ ಜಾಗದಲ್ಲಿ, ಕೂರಬೇಕು. ನಡುದಾರಿಯಲ್ಲಿ ಕತ್ತರಿಸಿ, ತಿರುಚಿ ಜೋಡಿಸುವಂತಿಲ್ಲ. ಜಾಯಿಂಟ್ ತಪ್ಪಿಸಲು ಆಗದೇ ಹೋದರೆ ಸುಲಭವಾಗಿ ತೆರೆದು ನೋಡಬಹುದಾದ ಜಂಕ್ಷನ್ ಬಾಕ್ಸಿನಲ್ಲಿ ಮಾಡಬೇಕು.

ಕೆಲಸ ಮಾಡುವವರ ಬಗ್ಗೆಯೂ ಕಾನೂನಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು (2010ರವು, ಅವುಗಳ ಜಾಗಕ್ಕೆ ಬಂದ 2023ರವು) ಹೇಳುವುದು ಹೀಗೆ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥವನ್ನು ಅದೇ ಅಳತೆಗೆ ಬದಲಿಸುವುದು ಬಿಟ್ಟರೆ ಹೊಸ ವೈರಿಂಗ್, ಸೇರ್ಪಡೆ, ಮಾರ್ಪಾಡು, ರಿಪೇರಿ ಎಲ್ಲವನ್ನೂ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಗಾರೆ ಕೆಲಸದವರ ಜೊತೆ ಬಂದ ಹುಡುಗ ‘ನಾನೇ ಮಾಡ್ಕೊಡ್ತೀನಿ ಬಿಡಿ’ ಅಂದರೆ ನಯವಾಗಿ ಬೇಡ ಅನ್ನಿ.

ಮುಚ್ಚಿದರೆ ಏನಾಗುತ್ತದೆ

ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಗೀಸರ್ ಹಾಕಿದಾಗ ಬಿಸಿಯಾಗುತ್ತದೆ, ಆರಿಸಿದಾಗ ತಣ್ಣಗಾಗುತ್ತದೆ. ದಿನವೂ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ. ಹಿಡಿತ ಸಡಿಲವಾದಷ್ಟೂ ಅಲ್ಲಿ ರೋಧ, ಅಂದರೆ ಕರೆಂಟಿನ ಹರಿವಿಗೆ ಅಡ್ಡಿ, ಏರುತ್ತದೆ, ರೋಧ ಏರಿದಷ್ಟೂ ಬಿಸಿ ಏರುತ್ತದೆ.

ಲೆಕ್ಕ ಹಾಕಿ ನೋಡಿ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಜಾಯಿಂಟಿನಲ್ಲಿ ಅರ್ಧ ಓಂ ರೋಧ ಬಂದಿದ್ದರೆ ಆ ಒಂದು ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ, ಗಾಳಿಯಾಡದ ಗಿಲಾವಿನೊಳಗೆ.

‘ಎಂಸಿಬಿ ಇದೆಯಲ್ಲ, ಬಿದ್ದುಹೋಗುತ್ತೆ ಬಿಡಿ’ ಅಂತ ಸಮಾಧಾನ ಮಾಡಿಕೊಳ್ಳುವವರು ತುಂಬಾ ಜನ. ಅದು ಬೀಳುವುದಿಲ್ಲ. ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ನೋಡುವುದು ಎಷ್ಟು ಆಂಪ್ ಹರಿಯುತ್ತಿದೆ ಅನ್ನೋದನ್ನು ಮಾತ್ರ. ಇಲ್ಲಿ ಹರಿಯುತ್ತಿರುವುದು ಮಾಮೂಲಿ 8.7 ಆಂಪೇ. ಆರ್‌ಸಿಸಿಬಿ ನೋಡುವುದು ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರುತ್ತಿದೆಯಾ ಅಂತ. ಸೋರಿಕೆಯೂ ಇಲ್ಲ. ಹಾಗಾಗಿ ಸಡಿಲ ಜಾಯಿಂಟ್ ಇವೆರಡರ ಕಣ್ಣಿಗೂ ಬೀಳದೆ ಸುಡುತ್ತಾ ಹೋಗಬಹುದು. ಕಣ್ಣಲ್ಲಿ ನೋಡಿ, ಕೈಯಲ್ಲಿ ಬಿಗಿ ಮಾಡುವುದೊಂದೇ ದಾರಿ. ಮುಚ್ಚಳ ಬೇಕು ಅನ್ನೋದು ಅದಕ್ಕೇ.

ಹಂತ 1: ಗೋಡೆಯೊಳಗೆ ಏನಿದೆ ಅಂತ ಮೊದಲು ಪತ್ತೆ ಮಾಡಿ

ಈ ಹಂತವನ್ನು ಹಾರಿಸಿ ಹೋಗುವವರೇ ಜಾಸ್ತಿ. ಮೈಸೂರಿಗೆ ಕರೆಂಟು ಬಂದದ್ದು 1908ರಲ್ಲಿ. ಲಕ್ಷ್ಮೀಪುರಂ, ಚಾಮುಂಡಿಪುರಂ, ಅಗ್ರಹಾರದ ಕಡೆ ಹಳೇ ಮನೆಗಳಲ್ಲಿ ಎರಡು ಮೂರು ತಲೆಮಾರಿನ ವೈರಿಂಗ್ ಒಂದರ ಮೇಲೊಂದು ಇರುವುದುಂಟು. ಮರದ ಪಟ್ಟಿಯ ಮೇಲೆ ಓಡಿದ ಹಳೇ ವೈರು, ಆಮೇಲೆ ಹಾಕಿಸಿದ ಕೇಸಿಂಗ್ (ಗೋಡೆ ಮೇಲೆ ಕೂರಿಸುವ, ಮುಚ್ಚಳ ಇರುವ ಪಟ್ಟಿ), ಕೊನೆಗೆ ಒಂದೆರಡು ರೂಮಿಗೆ ಮಾತ್ರ ಗೋಡೆಯೊಳಗಿನ ಪೈಪು. ಕುವೆಂಪುನಗರ, ಸರಸ್ವತಿಪುರಂ ಅಥವಾ ಮಂಡ್ಯದ ವಿದ್ಯಾನಗರದ ಮನೆಗಳಲ್ಲಿ ಗೋಡೆಯೊಳಗಿನ ವೈರಿಂಗ್ ಇದ್ದರೂ ನಡುವೆ ಯಾರು ಯಾವಾಗ ಏನು ಸೇರಿಸಿದರೋ ಮನೆಯವರಿಗೇ ನೆನಪಿರುವುದಿಲ್ಲ.

ಪತ್ತೆ ಮಾಡುವ ಕ್ರಮ ಹೀಗಿರಲಿ:

1. ಮೇನ್ ಆಫ್ ಮಾಡಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ ಬ್ಯಾಟರಿ ವೈರ್ ಬಿಡಿಸಿ. ಮೇನ್ ಆಫ್ ಆದ ತಕ್ಷಣ ಯುಪಿಎಸ್ ಲೈನಿಗೆ ಬ್ಯಾಟರಿಯಿಂದ 230 ವೋಲ್ಟ್ ಬರುತ್ತದೆ. ‘ಮೇನ್ ತೆಗೆದಿದ್ವಲ್ಲ’ ಅಂತ ವೈರ್ ಮುಟ್ಟಿ ಹೊಡೆಸಿಕೊಳ್ಳುವುದು ಇಲ್ಲೇ. ತಾರಸಿ ಮೇಲೆ ಸೋಲಾರ್ ಕರೆಂಟ್ ಪ್ಯಾನೆಲ್ ಇದ್ದರೆ ಅದರ ಸ್ವಿಚ್ಚೂ ಆಫ್ ಆಗಬೇಕು. ಆಮೇಲೂ ಟೆಸ್ಟರ್ ಇಟ್ಟು ನೋಡಿಯೇ ಮುಂದಿನ ಕೆಲಸ.

2. ಎಲ್ಲ ಸ್ವಿಚ್ ಬೋರ್ಡ್, ಫ್ಯಾನ್ ಬಾಕ್ಸ್, ಜಂಕ್ಷನ್ ಬಾಕ್ಸ್ ಬಿಚ್ಚಿಸಿ ಫೋಟೋ ತೆಗೆದುಕೊಳ್ಳಿ.

3. ಎರಡು ಬಾಕ್ಸ್‌ಗಳ ನಡುವಿನ ವೈರಿನ ಬಣ್ಣ ಹೊಂದಿಸಿ ನೋಡಿ. ಈ ಬಾಕ್ಸಿನಲ್ಲಿ ಕೆಂಪು ವೈರ್ ಒಳಗೆ ಹೋಗಿ, ಆ ಬಾಕ್ಸಿನಲ್ಲಿ ನೀಲಿ ಹೊರಗೆ ಬಂದರೆ ನಡುವೆ ಜಾಯಿಂಟ್ ಇದೆ ಅಂತಲೇ ಅರ್ಥ. ಬಣ್ಣ ಒಂದೇ ಇದ್ದರೂ ವೈರಿನ ಮೇಲೆ ಅಚ್ಚಾದ ಕಂಪನಿ ಹೆಸರು, ಅಳತೆ ಓದಿ. ಒಂದು ತುದಿಯಲ್ಲಿ ಒಂದು ಹೆಸರು, ಇನ್ನೊಂದು ತುದಿಯಲ್ಲಿ ಬೇರೆ ಇದ್ದರೂ ಅದೇ ಕಥೆ.

4. ವೈರನ್ನು ಒಂದು ತುದಿಯಿಂದ ಮೆಲ್ಲಗೆ ಎಳೆದು ನೋಡಲು ಹೇಳಿ. ಪೈಪಿನೊಳಗೆ ಸರಿಯಾಗಿ ಓಡಿದ ವೈರ್ ಸ್ವಲ್ಪವಾದರೂ ಜಗ್ಗುತ್ತದೆ. ಕಲ್ಲಿನ ಹಾಗೆ ನಿಂತಿದ್ದರೆ ನಡುವೆ ಜಾಯಿಂಟ್ ಇದೆ, ಇಲ್ಲವೇ ಪೈಪಿಲ್ಲದೆ ನೇರ ಗಾರೆಯೊಳಗೇ ಹೂತಿದ್ದಾರೆ.

ಮುಚ್ಚಿಟ್ಟ ಜಾಯಿಂಟ್ ಒಳಗೆ ಹೇಗಿರುತ್ತದೆ ಅಂತ ನೋಡಿದವರು ಕಡಿಮೆ. ಅಡುಗೆಮನೆ ಪ್ಲಾಟ್‌ಫಾರ್ಮ್ ಮೇಲಿನ ಟೈಲ್ಸ್ ಕೀಳಿಸುವಾಗ ಒಮ್ಮೆ ಸಿಕ್ಕಿದ್ದು ಹೀಗಿತ್ತು: ಗಿಲಾವಿನಲ್ಲಿ ಅಂಗೈ ಅಗಲದ ಕಂದು ಕಲೆ, ಅದರ ನಡುವೆ ಕರಗಿ ಗಟ್ಟಿಯಾದ ಟೇಪು. ಬಿಡಿಸಲು ಹೋದರೆ ಟೇಪು ಬಿಸ್ಕತ್ತಿನಂತೆ ಪುಡಿಯಾಯಿತು. ಒಳಗೆ ತಾಮ್ರದ ಏಳೆಂಟು ಎಳೆ ಮಾತ್ರ ಉಳಿದಿದ್ದವು, ಮಿಕ್ಕವು ಸುಟ್ಟು ತುಂಡಾಗಿದ್ದವು. ಆ ಸಾಕೆಟ್ಟಿಗೆ ಹಿಂದಿನ ದಿನವೂ ಮಿಕ್ಸಿ ಹಾಕಿದ್ದರು, ಏನೂ ತೊಂದರೆ ಕಂಡಿರಲಿಲ್ಲ.

ಹಳೇ ಮನೆಯಲ್ಲಿ ಬೆಳ್ಳಗಿನ ಅಲ್ಯೂಮಿನಿಯಂ ವೈರ್ ಕಂಡರೆ ಅದಕ್ಕೆ ಹೊಸ ತಾಮ್ರದ ವೈರ್ ತಿರುಚಿ ಮುಂದುವರಿಸಲು ಬಿಡಬೇಡಿ. ಎರಡು ಬೇರೆ ಲೋಹ ನೇರ ತಾಗಿದ ಕಡೆ, ತೇವ ಸೇರಿದರಂತೂ, ಬೇಗ ಕೊರೆದುಹೋಗುತ್ತದೆ. ಆ ಲೈನನ್ನು ಡಿಬಿಯಿಂದಲೇ ಪೂರ್ತಿ ಬದಲಿಸುವುದು ಸರಿ. ಡಿಬಿ ಅಂದರೆ ಎಲ್ಲ ಎಂಸಿಬಿಗಳೂ ಕೂತಿರುವ ಪೆಟ್ಟಿಗೆ.

ಹಂತ 2: ಕೆಲಸ ಕೊಡುವ ಮುಂಚೆ ಬರೆಸಿಕೊಳ್ಳಿ

ಲೈಸೆನ್ಸ್ ನಂಬರ್ ಕೇಳಿ, ಅದರ ಅವಧಿ ಮುಗಿದಿಲ್ಲ ಅಂತ ನೋಡಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಕೆಲಸ ಕೊಡಲೇಬೇಡಿ. ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದು ಸಹಿ ಹಾಕಿಸಿಕೊಂಡರೆ ಸಾಕು:

- ಬಾಕ್ಸ್ ಬಿಟ್ಟು ಬೇರೆಲ್ಲೂ ಜಾಯಿಂಟ್ ಇರುವುದಿಲ್ಲ.
- ಎಲ್ಲ ಬಾಕ್ಸ್‌ಗಳ ಮುಚ್ಚಳವೂ ತೆಗೆಯುವಂತಿರುತ್ತದೆ.
- ಪ್ಲಾಸ್ಟರ್‌ಗೆ ಮುಂಚೆ ಮನೆಯವರು ನೋಡಿ ಫೋಟೋ ತೆಗೆದ ಮೇಲೆಯೇ ಮುಚ್ಚಬೇಕು.
- ಕೆಲಸ ಮುಗಿದ ಮೇಲೆ ಮೆಗ್ಗರ್ ಪರೀಕ್ಷೆಯ (ವೈರಿನ ಇನ್ಸುಲೇಷನ್ ಅಳೆಯುವುದು, ಹಂತ 8 ನೋಡಿ) ಅಂಕಿ ಬರೆದುಕೊಡಬೇಕು.

ಪಾಯಿಂಟ್ ಲೆಕ್ಕದಲ್ಲಿ ಕೂಲಿ ಮಾತಾಡುವಾಗ ಜಂಕ್ಷನ್ ಬಾಕ್ಸಿಗೂ ರೇಟ್ ಮಾತಾಡಿಕೊಳ್ಳಿ. ಅದಕ್ಕೆ ದುಡ್ಡು ಸಿಗದು ಅಂದಾಗಲೇ ಬಾಕ್ಸ್ ಬಿಟ್ಟು ಟೇಪ್ ಸುತ್ತಿ ಮುಚ್ಚುವ ಆಸೆ ಹುಟ್ಟುವುದು.

ಹೊಸ ಎಸಿ, ಇಂಡಕ್ಷನ್ ಒಲೆ, ಇನ್ನೊಂದು ಗೀಸರ್ ಸೇರಿಸುತ್ತಿದ್ದೀರಾ? ಹಾಗಾದರೆ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಮೈಸೂರು, ಮಂಡ್ಯ ಎರಡೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ನಮ್ಮ ಸೆಸ್ಕ್‌ನ ವ್ಯಾಪ್ತಿ. ಲೋಡ್ ಸಾಲದಿದ್ದರೆ ನಿಮ್ಮ ಉಪವಿಭಾಗದಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ.

ಹಂತ 3: ಕಾಗದದ ಮೇಲೆ ಗೆರೆ ಎಳೆಯಿರಿ

ನಕ್ಷೆ ಚೆಂದ ಇರಬೇಕಾಗಿಲ್ಲ. ಯಾವ ಬೋರ್ಡ್ ಎಲ್ಲಿ, ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾದರೆ ಸಾಕು. ಜಾಯಿಂಟ್ ಕಡಿಮೆ ಮಾಡುವ ಕೆಲಸ ಶುರುವಾಗುವುದೇ ಇಲ್ಲಿ. ಒಂದು ಕಾಯಿಲ್ ವೈರ್ ಸಾಮಾನ್ಯವಾಗಿ 90 ಮೀಟರ್ ಇರುತ್ತದೆ. ಮನೆಯಲ್ಲಿ ಡಿಬಿಯಿಂದ ದೂರದ ಪಾಯಿಂಟಿಗೂ ಅಷ್ಟು ಉದ್ದ ಬೇಕಾಗುವುದಿಲ್ಲ. ಆದ್ದರಿಂದ ‘ವೈರ್ ಸಾಲಲಿಲ್ಲ, ಅದಕ್ಕೇ ಜಾಯಿಂಟ್ ಮಾಡಿದೆ’ ಅನ್ನೋದು ತುಂಡು ವೈರ್ ಖಾಲಿ ಮಾಡುವ ನೆಪ.

ಲೈಟು, ಫ್ಯಾನು, 5 ಆಂಪ್ ಸಾಕೆಟ್ ಎಲ್ಲ ಸೇರಿ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಮೀರದಂತೆ ಹಂಚುವುದು ರೂಢಿಯಲ್ಲಿರುವ ಮಿತಿ. 16 ಆಂಪ್ ಪವರ್ ಸಾಕೆಟ್ ಒಂದು ಸರ್ಕ್ಯೂಟಿಗೆ ಎರಡಕ್ಕಿಂತ ಜಾಸ್ತಿ ಬೇಡ. ಗೀಸರ್, ಎಸಿಗೆ ಒಂದೊಂದು ಸ್ವಂತ ಲೈನ್. ಲೈಟಿಗೆ 1.5 ಚದರ ಮಿ.ಮೀ. ತಾಮ್ರದ ವೈರ್, ಅದಕ್ಕೆ 10 ಆಂಪ್ ಮೀರದ ಎಂಸಿಬಿ. 2.5ರ ವೈರಿಗೆ 16 ಆಂಪ್, 4ಕ್ಕೆ 20 ಆಂಪ್ ಇಟ್ಟರೆ ನೆಮ್ಮದಿ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ 10 ಆಂಪ್ ತೆಗೆದು 20 ಹಾಕುವವರಿದ್ದಾರೆ. ಹಾಗೆ ಮಾಡಿದರೆ ಎಂಸಿಬಿ ಉಳಿಯುತ್ತದೆ, ವೈರ್ ಸುಡುತ್ತದೆ.

ಹಂತ 4: ಗೋಡೆ ಕೊರೆಯುವ ಮುಂಚೆ ಗೋಡೆಯ ದಪ್ಪ ಅಳೆಯಿರಿ

ಗೋಡೆಯ ಬಗ್ಗೆ ವೈರಿಂಗ್‌ನವರು ಯೋಚಿಸುವುದು ಕಡಿಮೆ, ಗಾರೆಯವರು ‘ಅದು ವೈರಿಂಗ್‌ನವರ ಕೆಲಸ’ ಅಂತ ಸುಮ್ನಿರುತ್ತಾರೆ. ನಡುವೆ ಪೆಟ್ಟು ಬೀಳುವುದು ಗೋಡೆಗೆ.

ಪಿಲ್ಲರ್ ಇಲ್ಲದೆ ಗೋಡೆಯೇ ತಾರಸಿ ಹೊತ್ತಿರುವ ಮನೆಗಳಿಗೆ ಐಎಸ್ 1905 ಮಾನಕದಲ್ಲಿ ಒಂದು ಅಳತೆ ಇದೆ. ಮೇಲಿಂದ ಕೆಳಕ್ಕೆ ಕೊರೆಯುವ ಕಾಲುವೆ ಗೋಡೆ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡಡ್ಡ ಕೊರೆದರೆ ಆರನೇ ಒಂದು ಭಾಗ ಮೀರಬಾರದು, ಉದ್ದವೂ ಒಂದು ಮೀಟರ್ ದಾಟಬಾರದು. ಒಂಬತ್ತು ಇಂಚಿನ ಗೋಡೆ, ಅಂದರೆ 230 ಮಿ.ಮೀ. ಇದ್ದರೆ ನೆಟ್ಟಗೆ 75, ಅಡ್ಡಕ್ಕೆ 38 ಮಿ.ಮೀ. ತನಕ ಸಿಗುತ್ತದೆ. 25 ಮಿ.ಮೀ. ಪೈಪು ಆರಾಮಾಗಿ ಕೂರುತ್ತದೆ. ಇದೇ ಲೆಕ್ಕವನ್ನು ನಾಲ್ಕೂವರೆ ಇಂಚಿನ ಗೋಡೆಗೆ ಹಾಕಿ ನೋಡಿ: ಅಡ್ಡಕ್ಕೆ ಸಿಗುವುದು 19 ಮಿ.ಮೀ. 20ರ ಪೈಪೂ ಹಿಡಿಸುವುದಿಲ್ಲ! ತಾರಸಿ ಹೊತ್ತಿರುವ ಅಂಥ ಗೋಡೆಯಲ್ಲಿ ಅಡ್ಡಕ್ಕಾಗಲಿ ನೆಟ್ಟಗಾಗಲಿ ಕೊರೆಯುವ ಮಾತೇ ಬೇಡ. ಕೇಸಿಂಗ್ ಹಾಕಿಸಿ.

ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಹೆಂಚಿನ ಮನೆ, ತೊಟ್ಟಿ ಮನೆಗಳಲ್ಲಿ ನಾನು ಕೊರೆಸುವುದೇ ಬೇಡ ಅನ್ನುತ್ತೇನೆ. ಅಲ್ಲಿ ಗೋಡೆ ಮೇಲೆ ಅಂದವಾಗಿ ಓಡಿಸಿದ ಪೈಪು ಅಥವಾ ಕೇಸಿಂಗೇ ಒಳ್ಳೆಯದು. ಕಣ್ಣಿಗೆ ಕಂಡರೆ ಕಾಣಲಿ.

ಕೊರೆಯುವಾಗ ಮಾಡಲು ಬಿಡಬಾರದ ತಪ್ಪು ಇನ್ನೊಂದು: ಓರೆಯಾಗಿ, ಹತ್ತಿರದ ದಾರಿಯೆಂದು ಕರ್ಣರೇಖೆಯಲ್ಲಿ ಹೊಡೆಯುವುದು. ಪೈಪು ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ನೇರ ಕೆಳಗೆ ಮಾತ್ರ ಹೋಗಬೇಕು. ಆಗ ಮುಂದೆ ಫೋಟೋ ತೂಗುಹಾಕಲು ಮೊಳೆ ಹೊಡೆಯುವವರಿಗೂ ವೈರ್ ಎಲ್ಲಿದೆ ಅಂತ ಊಹೆಗೆ ಸಿಗುತ್ತದೆ.

ಹಂತ 5: ಪೈಪ್, ಬಾಕ್ಸ್, ಆಮೇಲೆ ಫೋಟೋ

ಪೈಪ್ 20 ಮಿ.ಮೀ.ಗಿಂತ ಸಣ್ಣದು ಬೇಡ, ಐಎಸ್‌ಐ ಗುರುತಿರಲಿ. ಕೂಡಿಸುವ ಕಡೆಯೆಲ್ಲ ಸಲ್ಯೂಷನ್ (ಪೈಪಿನ ಅಂಟು) ಹಾಕಿಸಿ, ಇಲ್ಲದಿದ್ದರೆ ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ತೆರೆದ ತುದಿಗಳಿಗೆ ಕಾಗದವನ್ನೋ ಬಟ್ಟೆಯನ್ನೋ ತುರುಕಿಸಿ. ಕಾಲುವೆಯೊಳಗೆ 60 ಸೆಂ.ಮೀ.ಗೊಂದು ಹುಕ್ಕು ಇರಲಿ. ತಿರುವಿನಲ್ಲಿ ಚೂಪು ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿಸಿ. ಎರಡು ಬಾಕ್ಸಿನ ನಡುವೆ ಕಾಲು ವೃತ್ತದ ತಿರುವು ನಾಲ್ಕಕ್ಕಿಂತ ಜಾಸ್ತಿ ಬಂದರೆ ನಡುವೆ ಇನ್ನೊಂದು ಬಾಕ್ಸ್ ಬೇಕು. ಪವರ್ ವೈರಿಗೂ ಲೈಟ್ ವೈರಿಗೂ ಬೇರೆ ಪೈಪು. ಇಂಟರ್ನೆಟ್, ಟಿವಿ ಕೇಬಲ್‌ಗೆ ಮತ್ತೊಂದು.

ಬಾಕ್ಸಿನ ಅಂಚು ಗೋಡೆಯ ಕೊನೆಯ ಮಟ್ಟಕ್ಕೆ ಸಮ ಬರಬೇಕು. ಇಲ್ಲಿ ಎಡವುವುದು ಹೀಗೆ: ಇಟ್ಟಿಗೆ ಮಟ್ಟಕ್ಕೆ ಬಾಕ್ಸ್ ಕೂರಿಸುತ್ತಾರೆ. ಅದರ ಮೇಲೆ ಗಿಲಾವು, ಪುಟ್ಟಿ, ಟೈಲ್ಸ್ ಸೇರಿ ಒಂದು ಇಂಚು ಏರುತ್ತದೆ. ಬಾಕ್ಸ್ ಒಳಗೆ ಹೂತುಹೋಗುತ್ತದೆ. ಮುಚ್ಚಳದ ಸ್ಕ್ರೂ ಮುಟ್ಟುವುದಿಲ್ಲ. ಆಮೇಲೆ ‘ಸರಿ ಬಿಡು, ಪುಟ್ಟಿ ಎಳೆದುಬಿಡು’ ಅಂತ ಮುಗಿಸುತ್ತಾರೆ. ಬೇಕಂತ ಮುಚ್ಚಿದ್ದಕ್ಕಿಂತ ಹೀಗೆ ಮುಚ್ಚಿಹೋದ ಬಾಕ್ಸ್‌ಗಳೇ ಜಾಸ್ತಿ. ಟೈಲ್ಸ್ ದಪ್ಪ ಎಷ್ಟು ಅಂತ ಮೊದಲೇ ಹೇಳಿ, ಬಾಕ್ಸನ್ನು ಅಷ್ಟು ಮುಂದೆ ಕೂರಿಸಲು ಹೇಳಿ.

ಈಗ ಫೋಟೋ. ಪ್ರತಿ ಗೋಡೆಗೂ ಟೇಪ್ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವಂತೆ ತೆಗೆಯಿರಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡರೆ ಮೊಬೈಲ್ ಬದಲಾದಾಗ ಅದೂ ಹೋಯಿತು. ಒಂದು ಪ್ರಿಂಟ್ ತೆಗೆಸಿಡಿ.

ಹಂತ 6: ಗಿಲಾವು ಒಣಗಿದ ಮೇಲೆ ವೈರ್ ಎಳೆಸಿ

ಪೈಪಿನೊಳಗೆ ವೈರ್ ಹಾಕಿಕೊಂಡೇ ಪೈಪನ್ನು ಗೋಡೆಗೆ ಕೂರಿಸಿ ಮುಚ್ಚಿಬಿಡುವ ಪದ್ಧತಿ ಕೆಲವರಲ್ಲಿದೆ. ಬೇಗ ಆಗುತ್ತದೆ, ಆದರೆ ತಪ್ಪು. ಪೈಪ್ ಕೆಲಸ ಪೂರ್ತಿ ಮುಗಿದು, ಗಿಲಾವು ಒಣಗಿ, ಆಮೇಲೆ ಸ್ಪ್ರಿಂಗ್ ತೂರಿಸಿ ವೈರ್ ಎಳೆಯಬೇಕು. ಹೀಗೆ ಮಾಡಿದರೆ ಪೈಪ್ ಕಟ್ಟಿಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ. ಮುಂದೆ ವೈರ್ ಬದಲಿಸಬೇಕಾದರೂ ಗೋಡೆ ಒಡೆಯಬೇಕಾಗಿಲ್ಲ. ಎಳೆದು ಹಾಕಿದ ವೈರಿನ ನಡುವೆ ಜಾಯಿಂಟ್ ನುಸುಳುವುದೂ ಕಷ್ಟ.

ಪೈಪಿನ ಒಳ ಜಾಗದಲ್ಲಿ ನೂರಕ್ಕೆ ನಲವತ್ತರಷ್ಟು ಮಾತ್ರ ವೈರ್ ತುಂಬಬೇಕು. 20 ಮಿ.ಮೀ. ಪೈಪಿಗೆ 1.5ರ ವೈರ್ ನಾಲ್ಕೈದು ಸಾಕು. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ ಹಸಿರು ಅನ್ನುವುದು ನಮ್ಮ ಕಡೆಯ ರೂಢಿ. ಹಸಿರು ವೈರ್ ಮಿಕ್ಕಿದೆ ಅಂತ ಅದನ್ನು ಫೇಸಿಗೆ ಎಳೆಯಲು ಯಾವ ಕಾರಣಕ್ಕೂ ಬಿಡಬೇಡಿ. ಮುಂದೆ ಬರುವ ಎಲೆಕ್ಟ್ರಿಷಿಯನ್ ಹಸಿರನ್ನು ನಂಬಿ ಬರಿಗೈಯಲ್ಲಿ ಮುಟ್ಟುತ್ತಾನೆ.

ಪ್ರತಿ ಬಾಕ್ಸಿನಲ್ಲೂ ಒಂದು ಗೇಣು ವೈರ್ ಹೆಚ್ಚಿಗೆ ಬಿಡಿಸಿ. ಗಿಡ್ಡ ಬಿಟ್ಟ ವೈರೇ ಮುಂದೆ ಜಾಯಿಂಟಿಗೆ ದಾರಿ.

ಹಂತ 7: ಜಾಯಿಂಟ್ ಬೇಕೇ ಬೇಕು ಅಂದರೆ

ಹಳೇ ಲೈನನ್ನು ಹೊಸ ಲೈನಿಗೆ ಸೇರಿಸುವಾಗ, ಬೋರ್ಡ್ ಜಾಗ ಬದಲಿಸುವಾಗ ಜಾಯಿಂಟ್ ತಪ್ಪುವುದಿಲ್ಲ. ಆಗ ಹಳೇ ಬೋರ್ಡಿನ ಬಾಕ್ಸನ್ನೇ ಜಂಕ್ಷನ್ ಬಾಕ್ಸ್ ಮಾಡಿ, ಮೇಲೆ ಬರೀ ಪ್ಲೇಟ್ ಹಾಕಿಸಿ. ಆ ಬಾಕ್ಸ್ ಕಿತ್ತು ಗಾರೆ ತುಂಬುವುದು ಬೇಡ.

ಜೋಡಿಸಲು ಕನೆಕ್ಟರ್ ಬಳಸಿ. ಬಾಗಿಸುವ ಸಣ್ಣ ಹಿಡಿ ಇರುವ ಕನೆಕ್ಟರ್ ಈಗ ಸಿಗುತ್ತದೆ. ಹಿಡಿ ಎತ್ತಿ ವೈರ್ ತೂರಿಸಿ ಹಿಡಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಎಷ್ಟು ಉದ್ದ ಸಿಪ್ಪೆ ಸುಲಿಯಬೇಕು ಅನ್ನೋ ಗುರುತು ಅದರ ಮೇಲೇ ಇರುತ್ತದೆ. ಸುಲಿದ ಮೇಲೆ ಎಳೆಗಳು ಕತ್ತರಿಸಿಹೋಗಿಲ್ಲ ಅಂತ ನೋಡಿ, ತುದಿಯವರೆಗೂ ತೂರಿಸಿ. ಹೊರಗೆ ಬರೀ ತಾಮ್ರ ಕಾಣಬಾರದು. ಆಮೇಲೆ ಒಂದೊಂದೇ ವೈರನ್ನು ಹಿಡಿದು ಜಗ್ಗಿ ನೋಡಿ. ಬಂದುಬಿಟ್ಟರೆ ಈಗಲೇ ಬರಲಿ.

ಇದರಲ್ಲೇ ಇನ್ನೊಂದು ಜಾತಿ ಇದೆ, ಹಿಡಿ ಇಲ್ಲದೆ ಬರೀ ಚುಚ್ಚಿ ಸಿಗಿಸುವಂಥದ್ದು. ಅದು ಒಂಟಿ ಗಟ್ಟಿ ತಂತಿಯ ವೈರಿಗೆ ಮಾಡಿದ್ದು. ನಮ್ಮ ಮನೆಗಳಲ್ಲಿ ಬಳಸುವುದು ಬಹುತೇಕ ಹಲವು ಎಳೆಯ ಮೆತ್ತನೆ ವೈರು, ಅದರಲ್ಲಿ ನಿಲ್ಲುವುದಿಲ್ಲ. ಸ್ಕ್ರೂ ಇರುವ ಸ್ಟ್ರಿಪ್ ಕನೆಕ್ಟರ್ ಹಾಕುವುದಾದರೆ ವೈರ್ ತುದಿಗೆ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತೊಡಿಕೆ) ಒತ್ತಿಸಿ ಹಾಕಿ, ಬರೀ ಎಳೆ ಸ್ಕ್ರೂ ಕೆಳಗೆ ಚೆದುರಿ ಸಡಿಲವಾಗುತ್ತದೆ.

ಒಂದೇ ಬಾಕ್ಸಿನಲ್ಲಿ ಎರಡು ಸರ್ಕ್ಯೂಟ್ ಸೇರಿದರೆ ನ್ಯೂಟ್ರಲ್‌ಗಳನ್ನೆಲ್ಲ ಒಟ್ಟಿಗೆ ಗಂಟು ಹಾಕುವ ಚಾಳಿ ಇದೆ. ‘ಕಪ್ಪು ಕಪ್ಪು ಒಂದೇ ಅಲ್ವಾ?’ ಅಂತಾರೆ. ಅಲ್ಲ. ಒಂದು ಎಂಸಿಬಿ ಆಫ್ ಮಾಡಿದರೂ ಇನ್ನೊಂದು ಸರ್ಕ್ಯೂಟಿನ ಕರೆಂಟು ಆ ಕಪ್ಪು ವೈರಿನಲ್ಲಿ ವಾಪಸ್ ಬರುತ್ತಿರುತ್ತದೆ. ಬೇರೆ ಬೇರೆ ಆರ್‌ಸಿಸಿಬಿ ಇದ್ದರೆ ಕಾರಣವೇ ತಿಳಿಯದೆ ಬೀಳುತ್ತಿರುತ್ತವೆ. ಯುಪಿಎಸ್ ಲೈನಿನ ನ್ಯೂಟ್ರಲ್ ಅಂತೂ ಬೇರೆಯೇ ಇರಲಿ. ಲೋಹದ ಬಾಕ್ಸ್ ಆದರೆ ಅದಕ್ಕೂ ಅರ್ಥ್ ಕಟ್ಟಿಸಿ.

ಹಂತ 8: ಬಣ್ಣ, ಟೈಲ್ಸ್‌ಗೆ ಮುಂಚೆ ಪರೀಕ್ಷೆ

ಮೆಗ್ಗರ್ ಅಂದರೆ ವೈರಿನ ಸಿಪ್ಪೆ, ಅಂದರೆ ಇನ್ಸುಲೇಷನ್, ಎಷ್ಟು ಗಟ್ಟಿಯಿದೆ ಅಂತ 500 ವೋಲ್ಟ್ ಹಾಕಿ ಅಳೆಯುವ ಉಪಕರಣ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಅಳೆಯಬೇಕು. ಆಗ ಬಲ್ಬು, ಫ್ಯಾನು, ಚಾರ್ಜರ್ ಯಾವುದೂ ಸಿಕ್ಕಿಸಿರಬಾರದು, ಸುಟ್ಟುಹೋದಾವು. ಕನಿಷ್ಠ 1 ಮೆಗಾಓಂ ಬರಬೇಕು. ಹೊಸ ವೈರಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ, ಒಂದೆರಡರ ಹತ್ತಿರ ನಿಂತರೆ ಎಲ್ಲೋ ತೇವ ಅಥವಾ ಪೆಟ್ಟು ಇದೆ ಅಂತ ಹುಡುಕಿಸಿ. ಹಳೇ ಮದ್ರಾಸ್ ತಾರಸಿ ಸೋರುವ ಮನೆಗಳಲ್ಲಿ ಮಳೆಗಾಲದಲ್ಲಿ ಇದು ಮಾಮೂಲಿ. ಮೊದಲು ಸೋರುವುದು ನಿಲ್ಲಿಸಿ, ಆಮೇಲೆ ವೈರಿಂಗ್.

30 ಮಿಲಿ ಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಈಗಲೇ ಹಾಕಿಸಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯವರ ಕೆಲಸ.

ಬಾಕ್ಸ್ ಕಾಣಬಾರದು ಅನ್ನುವವರಿಗೆ

ಅಂದ ಬೇಕು ಅನ್ನುವುದು ತಪ್ಪಲ್ಲ. ಮುಚ್ಚಳವನ್ನು ಗೋಡೆಯ ಬಣ್ಣಕ್ಕೇ ಬಳಿಸಬಹುದು. ಬಣ್ಣ ಒಣಗಿದ ಮೇಲೆ ಮುಚ್ಚಳದ ಸುತ್ತ ಬ್ಲೇಡಿನಲ್ಲಿ ಒಂದು ಗೆರೆ ಎಳೆದು ಬಿಡಿಸಿಡಿ. ಅದರ ಮುಂದೆ ಫೋಟೋ, ಕ್ಯಾಲೆಂಡರ್ ತೂಗುಹಾಕಿ, ಅಡ್ಡಿಯಿಲ್ಲ. ವಾಲ್‌ಪೇಪರ್ ಮಾತ್ರ ಅಂಟಿಸಬೇಡಿ, ಮುಂದೆ ಅಲ್ಲಿ ಬಾಕ್ಸ್ ಇದೆ ಅಂತಲೇ ಮರೆತುಹೋಗುತ್ತದೆ.

ಅಡುಗೆಮನೆ, ಬಚ್ಚಲುಮನೆಯ ಟೈಲ್ಸ್ ಗೋಡೆಯಲ್ಲಿ ಜಾಯಿಂಟೇ ಬೇಡ. ಬಾಕ್ಸನ್ನು ಟೈಲ್ಸ್ ಮುಗಿಯುವ ಮಟ್ಟದಿಂದ ಮೇಲಕ್ಕೆ, ಅಥವಾ ಗೋಡೆಯ ಆಚೆ ರೂಮಿನ ಬದಿಗೆ ಒಯ್ಯಿರಿ. ನೆಲದ ಟೈಲ್ಸ್ ಕೆಳಗಂತೂ ಪೈಪು ಒಂದೇ ತುಂಡು ವೈರಿನೊಂದಿಗೆ ಹೋಗಬೇಕು.

ವಾರ್ಡ್‌ರೋಬ್ ಅಥವಾ ಟಿವಿ ಯೂನಿಟ್ ಹಿಂದೆ ಬಾಕ್ಸ್ ಬಂದರೆ ಬಡಗಿಗೆ ಹೇಳಿ ಹಿಂಬದಿ ಪ್ಲೈವುಡ್‌ನಲ್ಲಿ ಬಾಕ್ಸಿಗಿಂತ ದೊಡ್ಡ ಕಿಂಡಿ ಕೊಯ್ಸಿ, ಸ್ಕ್ರೂ ಹಾಕಿದ ಮುಚ್ಚಳ ಇಡಿಸಿ. ಸೀರೆ ಅಡುಕುವ ಅರೆಯ ಹಿಂದೆ ಬೇಡ, ಖಾಲಿ ಇರುವ ಕೆಳಗಿನ ಭಾಗಕ್ಕೆ ಬರುವಂತೆ ನೋಡಿಕೊಳ್ಳಿ.

ಫಾಲ್ಸ್ ಸೀಲಿಂಗ್‌ನಲ್ಲಿ ಅತಿ ಹೆಚ್ಚು ಮೋಸ ನಡೆಯುತ್ತದೆ. ಮೇಲೆ ಯಾರು ನೋಡ್ತಾರೆ ಅಂತ ವೈರನ್ನು ಪೈಪಿಲ್ಲದೆ ಹರಡಿ, ತಿರುಚಿ, ಟೇಪ್ ಸುತ್ತಿ ಬಿಡುತ್ತಾರೆ. ಅಲ್ಲಿಯೂ ಪೈಪು ಬೇಕು, ಜಾಯಿಂಟಿಗೆ ಬಾಕ್ಸ್ ಬೇಕು. ಬಾಕ್ಸ್ ಕೆಳಗೆ ಕೈ ತೂರುವಷ್ಟು ಕಿಂಡಿ, ಅದಕ್ಕೊಂದು ತೆಗೆಯುವ ಬಾಗಿಲು ಇರಬೇಕು. ಕೆಳಕ್ಕೆ ಎಳೆದು ಬಿಚ್ಚಬಹುದಾದ ದೀಪದ ರಂಧ್ರದ ಪಕ್ಕದಲ್ಲೇ ಬಾಕ್ಸ್ ಇದ್ದು, ಆ ರಂಧ್ರದಿಂದ ಕೈಗೆ ಸಿಗುವಂತಿದ್ದರೆ ಬೇರೆ ಬಾಗಿಲು ಬೇಡ.

ಈಗಾಗಲೇ ಮುಚ್ಚಿಬಿಟ್ಟಿದ್ದರೆ

ಗೋಡೆಯ ಒಂದೇ ಜಾಗ ಬೆಚ್ಚಗಿರುವುದು, ಬಣ್ಣ ಕಂದಾಗುವುದು, ಗೀಸರ್ ಹಾಕಿದಾಗ ಅದೇ ಲೈನಿನ ಲೈಟು ಮಿಣುಕುವುದು, ಮೀನು ಕೊಳೆತಂಥ ವಾಸನೆ ಬರುವುದು. ಇವು ಕಂಡರೆ ಆ ಲೈನಿನ ಎಂಸಿಬಿ ಇಳಿಸಿ, ಕೆಲಸದವರು ಬರುವ ತನಕ ಏರಿಸಬೇಡಿ. ಯಾವುದೂ ಇಲ್ಲದಿದ್ದರೂ ಜಾಯಿಂಟ್ ಮುಚ್ಚಿರುವುದು ಗೊತ್ತಿದ್ದರೆ, ಗೋಡೆ ಪೂರ್ತಿ ಒಡೆಸಬೇಕಾಗಿಲ್ಲ. ಹಳೇ ಲೈನನ್ನು ಎರಡೂ ತುದಿಯಲ್ಲಿ ಬಿಡಿಸಿ ಸತ್ತ ಲೈನ್ ಮಾಡಿ, ಬೇರೆ ದಾರಿಯಲ್ಲಿ ಹೊಸ ವೈರ್ ಎಳೆಸಿ. ಬಹಳಷ್ಟು ಸಲ ಅದೇ ಅಗ್ಗ.

ಮೀಟರಿನಿಂದ ಆಚೆ, ಕಂಬದ ಕಡೆ ಕಿಡಿ ಅಥವಾ ಸುಟ್ಟ ವಾಸನೆ ಇದ್ದರೆ ನಿಮ್ಮ ಎಲೆಕ್ಟ್ರಿಷಿಯನ್ ಮುಟ್ಟುವ ಹಾಗಿಲ್ಲ. ಸೆಸ್ಕ್‌ನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಕೊನೇ ಕಂತಿನ ದುಡ್ಡನ್ನು ಮೂರು ವಸ್ತು ಕೈಗೆ ಬಂದ ಮೇಲೆ ಕೊಡಿ: ಬಾಕ್ಸ್‌ಗಳ ಜಾಗ ಗುರುತಿಸಿದ ನಕ್ಷೆ, ಗುತ್ತಿಗೆದಾರರ ಸಹಿ ಇರುವ ಮೆಗ್ಗರ್ ಅಂಕಿ, ಪ್ರತಿ ಎಂಸಿಬಿ ಕೆಳಗೆ ಯಾವ ರೂಮಿಗೆ ಅಂತ ಬರೆದ ಚೀಟಿ. ನಕ್ಷೆಯ ಒಂದು ಪ್ರತಿಯನ್ನು ಡಿಬಿಯ ಬಾಗಿಲಿನ ಒಳಬದಿಗೆ ಅಂಟಿಸಿಬಿಡಿ.